ಮೇಡಂ, ಹತ್ತು ರಿವ್ಯೂ ಕೊಡಿ

"ಮೇಡಂ, ಟಾಪಿಕ್ ಫಿಕ್ಸ್ ಆಗಿದೆ. ಹತ್ತು ರಿವ್ಯೂ ಕೊಡಿ."

ನರ್ಸಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಕೂತು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇದರ ಬೆನ್ನಿಗೇ ಬರುವ ಪ್ರಶ್ನೆ ಇನ್ನೊಂದು. "ಗೂಗಲ್ ಮಾಡಿದ್ರೆ ಹತ್ತು ನಿಮಿಷದಲ್ಲಿ ಸಿಗುತ್ತಲ್ವಾ? ಲಿಟರೇಚರ್ ಸರ್ಚ್‌ಗೆ ವಾರಗಟ್ಟಲೆ ಯಾಕೆ ಬೇಕು?" ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ಗೈಡ್‌ಗಳು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತ ನೆಂಟರೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಎಂಎಸ್ಸಿ ನರ್ಸಿಂಗ್ ಮಾಡುವವರು ಒಂದು ಸಂಶೋಧನೆ ಮಾಡಬೇಕು. ಶುರು ಮಾಡುವ ಮೊದಲು, ಆ ವಿಷಯದಲ್ಲಿ ಬೇರೆಯವರು ಏನೇನು ಕಂಡುಕೊಂಡಿದ್ದಾರೆ ಅಂತ ಹುಡುಕಿ ಓದಿ ಬರೆಯಬೇಕು. ಅದು ರಿವ್ಯೂ ಆಫ್ ಲಿಟರೇಚರ್. ನಮ್ಮಲ್ಲಿ ಅದು ಸವೆದು ಸವೆದು 'ರಿವ್ಯೂ' ಆಗಿದೆ, ಒಂದೊಂದು ಲೇಖನವೂ ಒಂದೊಂದು ರಿವ್ಯೂ. ಅಂಗಡಿಯಲ್ಲಿ ಮೊಟ್ಟೆ ಕೇಳಿದ ಹಾಗೆ ಹತ್ತು ಕೊಡಿ, ಹದಿನೈದು ಕೊಡಿ.

ನನಗೆ ಸಿಟ್ಟು ಬರುವುದು ಈ 'ಹತ್ತು' ಅನ್ನುವುದಕ್ಕೆ. ಯಾಕೆ ಹತ್ತು? ನಿಮ್ಮ ವಿಷಯದಲ್ಲಿ ಒಳ್ಳೆಯ ಅಧ್ಯಯನ ಮೂರೇ ಇರಬಹುದು, ಮುನ್ನೂರೂ ಇರಬಹುದು. ಹತ್ತು ಸಿಕ್ಕ ತಕ್ಷಣ ನಿಲ್ಲಿಸಿದರೆ, ಹನ್ನೊಂದನೆಯದು ಆ ಹತ್ತೂ ತಪ್ಪು ಅಂತ ಹೇಳುತ್ತಿದ್ದರೆ ಏನು ಮಾಡುತ್ತೀರಿ? ಇನ್ನೊಂದು ಕಷ್ಟ, ಇವರಿಗೆ ಬೇಕಾಗಿರುವುದು ತಾವು ಮೊದಲೇ ತೀರ್ಮಾನಿಸಿದ ಮಾತನ್ನು ಒಪ್ಪುವ ಹತ್ತು. "ಎಸ್‌ಟಿಪಿ (ಮೊದಲೇ ಯೋಜಿಸಿದ ಪಾಠ) ಕೊಟ್ಟ ಮೇಲೆ ಗರ್ಭಿಣಿಯರ ತಿಳಿವಳಿಕೆ ಜಾಸ್ತಿಯಾಯಿತು" ಅನ್ನುವ ಅಧ್ಯಯನಗಳನ್ನು ನಾನು ಇಷ್ಟು ವರ್ಷ ನೋಡುತ್ತಲೇ ಬಂದಿದ್ದೇನೆ. ಪಾಠ ಮಾಡಿದ ಕೂಡಲೇ ಪರೀಕ್ಷೆ ಇಟ್ಟರೆ ಅಂಕ ಜಾಸ್ತಿ ಬರದೇ ಇರುತ್ತಾ? ಅದು ಮೊದಲೇ ಗೊತ್ತಿತ್ತು ಅಂತ ತಿಳಿಸುವುದೂ ಹುಡುಕಾಟದ ಕೆಲಸವೇ.

ಸರಿ, ಗೂಗಲ್. ಗೂಗಲ್ ಸ್ಕಾಲರ್ ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ ಅದು ಲಕ್ಷ ಸಿಕ್ಕಿದೆ ಅಂತ ಹೇಳಿದರೂ ತೋರಿಸುವುದು ಮೊದಲ ಸಾವಿರ ಮಾತ್ರ, ಅದೂ ತನ್ನದೇ ಲೆಕ್ಕದಲ್ಲಿ ಜೋಡಿಸಿ. ಎಐ ಬಂದ ಮೇಲಂತೂ ಹೊಸ ತಲೆನೋವು. ರೆಫರೆನ್ಸ್ ಪಟ್ಟಿ ಹಿಡಿದು ಬರುತ್ತಾರೆ. ಜರ್ನಲ್ ನಿಜ, ವರ್ಷ, ಸಂಚಿಕೆ ಎಲ್ಲ ನಿಜ. ಪುಟ ತೆಗೆದರೆ ಅಲ್ಲಿ ಬೇರೆ ಯಾರದೋ ಬೇರೆ ಯಾವುದೋ ಲೇಖನ. ಹೆರಿಗೆ ವಾರ್ಡಿನಲ್ಲಿ ಏನು ಮಾಡಬೇಕು ಅಂತ ಹೇಳುವ ಬರಹಕ್ಕೆ ಇಲ್ಲದ ಅಧ್ಯಯನ ಆಧಾರ ಆಗಬಾರದು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಪಬ್‌ಮೆಡ್‌ಗೆ ಬನ್ನಿ. ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣ ಇದು, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು, ಪೂರ್ತಿ ಉಚಿತ. ಅಲ್ಲಿ 'ಲೇಬರ್' ಅಂತ ಹಾಕಿ ನೋಡಿ. ಹೆರಿಗೆ ನೋವಿನ ಜೊತೆ ಕೂಲಿ ಕಾರ್ಮಿಕರೂ ಬರುತ್ತಾರೆ. 'ಡೆಲಿವರಿ' ಅಂದರೆ ಔಷಧವನ್ನು ದೇಹದೊಳಗೆ ತಲುಪಿಸುವ ವಿಧಾನಗಳೆಲ್ಲ ಸಾಲಾಗಿ ನಿಲ್ಲುತ್ತವೆ. 'ಪಿಪಿಎಚ್' ನಮಗೆ ಹೆರಿಗೆಯ ನಂತರದ ರಕ್ತಸ್ರಾವ, ಶ್ವಾಸಕೋಶದ ಡಾಕ್ಟರಿಗೆ ಬೇರೆಯದೇ ಕಾಯಿಲೆ. ಹೆಮರೇಜ್ ಅನ್ನುವ ಪದಕ್ಕೆ ಬ್ರಿಟಿಷರು ಒಂದು 'ಎ' ಜಾಸ್ತಿ ಹಾಕುತ್ತಾರೆ, ಅಮೆರಿಕದವರು ಹಾಕಲ್ಲ. ಈ ಗೋಜಲು ಬಿಡಿಸುವುದಕ್ಕೇ 1960ರಿಂದ ಮೆಶ್ ಅನ್ನುವ ಪದಪಟ್ಟಿ ಇದೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಲೇಖನಗಳಿಗೆ ಒಂದೇ ಚೀಟಿ ಅಂಟಿಸುತ್ತಾರೆ. ಆದರೆ ಪಬ್‌ಮೆಡ್‌ನ ಎಲ್ಲ ಲೇಖನಕ್ಕೂ ಚೀಟಿ ಅಂಟಿರುವುದಿಲ್ಲ. ಹಾಗಾಗಿ ಚೀಟಿಯಲ್ಲೂ ಹುಡುಕಬೇಕು, ಮಾಮೂಲಿ ಪದದಲ್ಲೂ ಹುಡುಕಬೇಕು. ಇಷ್ಟಕ್ಕೇ ಅರ್ಧ ದಿನ ಹೋಯಿತು ನೋಡಿ.

ವಾರಗಟ್ಟಲೆ ಯಾಕೆ ಅಂದವರಿಗೆ ನಾನು ಹೇಳುವ ಕತೆ ಒಂದಿದೆ. 1979ರಲ್ಲಿ ಆರ್ಚಿ ಕಾಕ್ರೇನ್ ಅನ್ನುವ ಬ್ರಿಟಿಷ್ ವೈದ್ಯರು, ತಾವು ಮಾಡುವುದಕ್ಕೆ ಆಧಾರ ಹುಡುಕದೆ ಚಿಕಿತ್ಸೆ ಕೊಡುವುದರಲ್ಲಿ ಹೆರಿಗೆ ವೈದ್ಯರೇ ಎಲ್ಲರಿಗಿಂತ ಹಿಂದೆ ಅಂತ ಬರೆದರು. ಕೊನೆಯ ಸ್ಥಾನದವರಿಗೆ ಕೊಡುವ ಮರದ ಚಮಚ ಅವರಿಗೇ ಅಂದರು. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವರು ಆಕ್ಸ್‌ಫರ್ಡ್‌ನ ಇಯಾನ್ ಚಾಮರ್ಸ್ ಮತ್ತು ಜೊತೆಯವರು. ಬಸುರಿ ಬಾಣಂತಿಯರ ಆರೈಕೆ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಜರ್ನಲ್‌ಗಳ ಪುಟ ಪುಟ ತಿರುವಿ ಒಟ್ಟು ಮಾಡಿದರು. ಅಚ್ಚಾಗದೆ ಮೂಲೆ ಸೇರಿದ ಪ್ರಯೋಗಗಳು ಬೇಕು ಅಂತ 18 ದೇಶಗಳ 42,000 ಹೆರಿಗೆ ತಜ್ಞರನ್ನೂ ಮಕ್ಕಳ ತಜ್ಞರನ್ನೂ ಕೇಳಿದರು. ಇಮೇಲ್ ಇಲ್ಲದ ಕಾಲ ಅದು. ಇಷ್ಟೆಲ್ಲ ಆದ ಮೇಲೆ 1993ರಲ್ಲಿ, ಇಂಥ ಪ್ರಯೋಗಗಳನ್ನು ಕೂಡಿಸಿ ವಿಮರ್ಶೆ ಬರೆಯುವ ಕಾಕ್ರೇನ್ ಸಂಸ್ಥೆ ಹುಟ್ಟಿತು.

ಅದರ ಲಾಂಛನ ನೋಡಿ. ದುಂಡಗಿನ ಚಿತ್ರದೊಳಗೆ ಏಳು ಅಡ್ಡಗೆರೆ, ಕೆಳಗೊಂದು ಪುಟ್ಟ ವಜ್ರದ ಗುರುತು. ಅದು ಅಲಂಕಾರ ಅಲ್ಲ. ದಿನ ತುಂಬುವ ಮೊದಲೇ ಹೆರಿಗೆ ಆಗಬಹುದಾದ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುತ್ತಾ ಅಂತ ಪರೀಕ್ಷಿಸಿದ ಏಳು ಪ್ರಯೋಗಗಳವು. ಮೊದಲನೆಯದು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಅವರದು. ಅದರಲ್ಲೇ ಉತ್ತರ ಕಾಣುತ್ತಿತ್ತು. ಆದರೆ ಎಲ್ಲವನ್ನೂ ಕೂಡಿಸಿ ನೋಡಿದ ವಿಮರ್ಶೆ ಅಚ್ಚಾಗುವಾಗ 1989. ಹದಿನೇಳು ವರ್ಷ! ಅಷ್ಟರಲ್ಲಿ ಹತ್ತಾರು ಸಾವಿರ ಶಿಶುಗಳು ಸುಮ್ಮನೆ ನರಳಿರಬೇಕು, ಸತ್ತಿರಬೇಕು ಅಂತ ಆ ಸಂಸ್ಥೆಯೇ ಹೇಳುತ್ತದೆ. ಪ್ರಯೋಗ ಮಾಡಿಯಾಗಿತ್ತು, ಅಚ್ಚಾಗಿಯೂ ಇತ್ತು. ಕೂತು ಹುಡುಕಿ ಜೋಡಿಸಿದವರು ಇರಲಿಲ್ಲ. ಇವತ್ತು ನಮ್ಮ ಸಿಸ್ಟರ್‌ಗಳು ಕೊಡುವ ಡೆಕ್ಸಾ ಇಂಜೆಕ್ಷನ್ ಇದೇ. 24ರಿಂದ 34 ವಾರದ ನಡುವೆ ನೋವು ಬಂದರೆ, ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಎಎನ್‌ಎಂಗಳೂ (ಹಳ್ಳಿಯ ಆರೋಗ್ಯ ಸಹಾಯಕಿಯರು) ಕೊಡಬಹುದು ಅಂತ ಕೇಂದ್ರ ಸರ್ಕಾರ 2014ರಲ್ಲಿ ಹೇಳಿತು. ಈಗ ಹೇಳಿ, ಹತ್ತು ನಿಮಿಷ ಸಾಕಾ?

ಇಷ್ಟು ಹೇಳಿದರೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ವಿದ್ಯಾರ್ಥಿಗಳಲ್ಲ. ಒಬ್ಬರು ಸಿಸ್ಟರ್. ತಾಲ್ಲೂಕು ಆಸ್ಪತ್ರೆಯೊಂದರ ಲೇಬರ್ ರೂಮಿನವರು. ನೈಟ್ ಡ್ಯೂಟಿ ಮುಗಿಸಿ, ನಮ್ಮಲ್ಲಿ ಓದುವ ತಂಗಿಗೆ ಟಿಫನ್ ಕ್ಯಾರಿಯರ್ ಕೊಡಲು ಬಂದಿದ್ದರು. ಕ್ಯಾರಿಯರನ್ನು ನನ್ನ ಮೇಜಿನ ತುದಿಯಲ್ಲಿಟ್ಟು ಅನುಮಾನ ಮಾಡುತ್ತಲೇ ಕೇಳಿದರು.

"ಮೇಡಂ, ಮಗು ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿ ಕಟ್ ಮಾಡ್ಬಾರ್ದು, ಸ್ವಲ್ಪ ಕಾಯಬೇಕು ಅಂತ ಟ್ರೈನಿಂಗಲ್ಲಿ ಹೇಳಿದ್ರು. ನಮ್ಮಲ್ಲಿ ಹಿರಿಯರೊಬ್ಬರು, ಕಾದ್ರೆ ಮಗುಗೆ ಕಾಮಾಲೆ ಬರುತ್ತೆ ಅಂತ ಬೈತಾರೆ. ಯಾವುದು ನಿಜ?"

ಇದು ಪ್ರಶ್ನೆ. ಇದರಲ್ಲಿ ಮಗು ಇದೆ, ಮಾಡುವ ಕೆಲಸ ಇದೆ, ಅದರ ಬದಲು ಏನು ಮಾಡಬಹುದು ಅನ್ನುವುದಿದೆ, ಆಮೇಲೆ ಏನಾಗುತ್ತೆ ಅನ್ನುವ ಭಯ ಇದೆ. ಕ್ಲಾಸಿನಲ್ಲಿ ಈ ನಾಲ್ಕನ್ನೇ ಪೈಕೋ (PICO) ಅಂತ ಎರಡು ಪೀರಿಯಡ್ ಪಾಠ ಮಾಡಿದರೂ ಬಾರದ್ದು ಅವರ ಒಂದೇ ಮಾತಿನಲ್ಲಿತ್ತು.

ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಒಂದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ನಾಲ್ಕಾರು ಹೆಸರು. ಡಿಲೇಯ್ಡ್, ಲೇಟ್, ಡಿಫರ್ಡ್ ಕ್ಲ್ಯಾಂಪಿಂಗ್, ಪ್ಲಾಸೆಂಟಲ್ ಟ್ರಾನ್ಸ್‌ಫ್ಯೂಷನ್. ಯಾವ ಹೆಸರಿದ್ದರೂ ಸಿಗಲಿ ಅಂತ ಇವನ್ನೆಲ್ಲ 'ಆರ್' (OR) ಹಾಕಿ ಜೋಡಿಸಿದೆವು. ಸಿಸ್ಟರ್ ಕಾಮಾಲೆಯನ್ನೂ ಸೇರಿಸೋಣ ಅಂದರು. ಬೇಡ ಅಂದೆ. ಕಾಮಾಲೆಯ ಲೆಕ್ಕ ಎಷ್ಟೋ ಲೇಖನಗಳಲ್ಲಿ ಒಳಗಿನ ಪಟ್ಟಿಯಲ್ಲಿರುತ್ತೆ, ಮೇಲಿನ ಸಾರಾಂಶದಲ್ಲಿ ಆ ಪದವೇ ಇರುವುದಿಲ್ಲ. 'ಆ್ಯಂಡ್ ಜಾಂಡೀಸ್' ಅಂತ ಹಾಕಿದರೆ ನಮಗೆ ಬೇಕಾದವೇ ಕೈತಪ್ಪಿ ಹೋಗುತ್ತವೆ.

ಸಿಕ್ಕಿದವುಗಳಲ್ಲಿ ಮುಖ್ಯವಾದ್ದು 2013ರ ಕಾಕ್ರೇನ್ ವಿಮರ್ಶೆ. ದಿನ ತುಂಬಿದ ಮಕ್ಕಳ ಬಗ್ಗೆ, 15 ಪ್ರಯೋಗ, 3,911 ತಾಯಿ ಮಗು ಜೋಡಿ. ತಡವಾಗಿ ಬಳ್ಳಿ ಕಟ್ಟಿದರೆ ಮೊದಲ ಒಂದೆರಡು ದಿನದಲ್ಲಿ ಮಗುವಿನ ಹಿಮೋಗ್ಲೋಬಿನ್ ಜಾಸ್ತಿ, ಮೂರರಿಂದ ಆರು ತಿಂಗಳಲ್ಲಿ ಕಬ್ಬಿಣದ ಕೊರತೆ ಕಡಿಮೆ. ತಾಯಿಗೆ ರಕ್ತಸ್ರಾವ ಜಾಸ್ತಿ ಆಗುತ್ತೆ ಅಂತ ಕಂಡುಬಂದಿಲ್ಲ. ಆದರೆ ಕಾಮಾಲೆಗೆ ಲೈಟಿನ ಕೆಳಗೆ ಇಡಬೇಕಾದ ಮಕ್ಕಳು ಸ್ವಲ್ಪ ಜಾಸ್ತಿ. ಅಂದರೆ ಬೈಯುತ್ತಿದ್ದ ಹಿರಿಯರು ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿದ್ದರು. ಫೋಟೋಥೆರಪಿ ಇರುವ ಕಡೆ ಕಾಯುವುದೇ ಒಳ್ಳೆಯದು ಅಂತ ವಿಮರ್ಶೆಯ ಅಭಿಪ್ರಾಯ. ಒಂದು ನಿಮಿಷಕ್ಕಿಂತ ಮೊದಲು ಕಟ್ಟಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಉಸಿರಾಡದ ಮಗುವಿಗೆ ಕೂಡಲೇ ಬ್ಯಾಗ್ ಒತ್ತಿ ಗಾಳಿ ಕೊಡಬೇಕಾದಾಗ ಮಾತ್ರ ಬೇರೆ ಮಾತು.

ಸಿಸ್ಟರ್ ತುಂಬ ಹೊತ್ತು ಪರದೆ ನೋಡಿದರು. "ನಮ್ಮಲ್ಲಿ ಫೋಟೋಥೆರಪಿ ಯೂನಿಟ್ ಎರಡಿವೆ ಮೇಡಂ. ಒಂದು ಕೆಟ್ಟಿದೆ," ಅಂದರು.

ಓದುವುದು ಅಂದರೆ ಇದು. ದೂರದ ಯಾವುದೋ ಊರಿನ ಅಂಕಿಯನ್ನು ತಮ್ಮ ವಾರ್ಡಿನ ಕೆಟ್ಟ ಲೈಟಿನ ಪಕ್ಕ ಇಟ್ಟು ನೋಡಿದರಲ್ಲ, ಹಾಗೆ. ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಹೇಳುತ್ತದೆ. ಆ ಒಂದು ನಿಮಿಷಕ್ಕೆ ಇಲ್ಲಿ ಎಷ್ಟು ಬೆಲೆ ಅಂತ ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ನನ್ನ ನಿಜವಾದ ಸಂಕಟ ಏನು ಗೊತ್ತಾ? 2025ರ ಜನವರಿಯಿಂದ 'ಒಂದು ದೇಶ, ಒಂದು ಚಂದಾ' ಯೋಜನೆ ಬಂದಿದೆ. ಸುಮಾರು 6,300 ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್. ಬಹಳ ಒಳ್ಳೆಯ ಕೆಲಸ. ಆದರೆ ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮು ಆ ಪಟ್ಟಿಯಲ್ಲಿಲ್ಲ. ರಾತ್ರಿ ಮೂರು ಗಂಟೆಗೆ ಈ ಪ್ರಶ್ನೆ ಎದುರಾಗುವುದು ಅಲ್ಲೇ ಅಲ್ವಾ? ಅವರಿಗೆ ಸಿಗುವುದು ಸಾರಾಂಶ, ಮತ್ತೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತವಾಗಿರುವಷ್ಟು ಲೇಖನ.

ಹೊರಡುವಾಗ ಸಿಸ್ಟರ್ ಬಾಗಿಲಲ್ಲಿ ನಿಂತರು. "ನಮ್ಮಜ್ಜಿ ಸೂಲಗಿತ್ತಿ, ಮೇಡಂ. ಕಸ, ಅಂದ್ರೆ ಮಾಸು, ಬೀಳೋವರೆಗೂ ಬಳ್ಳಿ ಮುಟ್ಟಬಾರ್ದು ಅಂತಿದ್ರು. ನಾವು ನರ್ಸಿಂಗ್ ಓದಿದ ಮೇಲೆ, ಅಜ್ಜಿಗೆ ಏನೂ ಗೊತ್ತಿಲ್ಲ ಅಂದ್ಕೊಂಡಿದ್ವಿ. ಇದನ್ನ ಯಾರಾದ್ರೂ ಬರೆದಿದ್ದಾರಾ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತ ನಾನು ವರ್ಷಗಟ್ಟಲೆ ಕಾದಿದ್ದೆ. ಮತ್ತೆ ಕೂತೆವು. 'ದಾಯಿ' ಹಾಕಿದೆವು, 'ಟ್ರಡಿಷನಲ್ ಬರ್ತ್ ಅಟೆಂಡೆಂಟ್' ಹಾಕಿದೆವು. ಸೂಲಗಿತ್ತಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದೋ ಅಷ್ಟೂ ಹಾಕಿದೆವು. ಸಿಕ್ಕಿದ ಲೇಖನಗಳಲ್ಲಿ ದಾಯಿಗಳಿಗೆ ಏನು ಕಲಿಸಬೇಕು ಅನ್ನುವುದೇ ಜಾಸ್ತಿ. ಅವರಿಂದ ಕಲಿಯುವುದು ಏನಿದೆ ಅಂತ ಕೇಳಿದ್ದು ಕಡಿಮೆ. ಪಾವಗಡದ ಸೂಲಗಿತ್ತಿ ನರಸಮ್ಮ ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಬಳ್ಳಿಯನ್ನು ಯಾವಾಗ ಕತ್ತರಿಸುತ್ತಿದ್ದರು, ಯಾಕೆ? ಅಂದು ನಮಗೆ ಅದು ಸಿಗಲಿಲ್ಲ.

"ಅಜ್ಜಿ ಇದ್ದಾರಾ ಸಿಸ್ಟರ್?"

"ಇದ್ದಾರೆ. ಕಿವಿ ಸ್ವಲ್ಪ ಮಂದ. ಯುಗಾದಿಗೆ ಊರಿಗೆ ಹೋಗ್ತೀನಿ."

ಒಂದು ಹಾಳೆ ತೆಗೆದು ಇಬ್ಬರೂ ಸೇರಿ ಅಜ್ಜಿಗೆ ಕೇಳಬೇಕಾದ್ದನ್ನೆಲ್ಲ ಬರೆದೆವು. ಬಳ್ಳಿ ಯಾವಾಗ ಕೊಯ್ತಿದ್ರಿ, ಯಾವುದರಲ್ಲಿ, ಏನು ಕಟ್ತಿದ್ರಿ, ಮಗು ಅಳದೇ ಇದ್ದರೆ ಏನು ಮಾಡ್ತಿದ್ರಿ. ಕಸ ಬೀಳದೇ ಹೋದ ತಾಯಂದಿರ ಬಗ್ಗೆಯೂ ಕೇಳಿ ಅಂದೆ, ಉಳಿಯದವರ ಬಗ್ಗೆಯೂ. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ತಾರೀಖು ಹೇಳಿ ಶುರು ಮಾಡಿ ಅಂದೆ. ಸಿಸ್ಟರ್ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಂಡರು.