ಸ್ಪೇನ್ ಇಷ್ಟ ಆಯ್ತಾ?

ಊರಿಗೆ ಫೋನ್ ಮಾಡಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಚಿಕ್ಕಮ್ಮ ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಕಾಲೇಜಿನ ಜೂನಿಯರ್‌ಗಳು ಮೆಸೇಜ್ ಹಾಕಿ ಕೇಳುತ್ತಾರೆ. ಜೂನಿಯರ್‌ಗಳ ಪ್ರಶ್ನೆಗೆ ಇನ್ನೊಂದು ಬಾಲ ಇರುತ್ತದೆ: "ನಾವೂ ಬರಬಹುದಾ ಅಕ್ಕ?" ಫೋನಿನಲ್ಲಿ "ಹ್ಞೂಂ, ಚೆನ್ನಾಗಿದೆ" ಅಂದು ಮುಗಿಸಿಬಿಡುತ್ತೇನೆ. ಸರಿಯಾಗಿ ಹೇಳಬೇಕೆಂದರೆ ಅದು ಅಷ್ಟು ಚಿಕ್ಕ ಉತ್ತರವಲ್ಲ.

ನಾನಿರುವುದು ವಲೆನ್ಸಿಯಾದಲ್ಲಿ. ಸ್ಪೇನಿನ ಮೂರನೇ ದೊಡ್ಡ ಊರು, ಮೆಡಿಟರೇನಿಯನ್ ಸಮುದ್ರದ ದಡ. ಮಾಸ್ಟರ್ಸ್ ಮಾಡಲು ಬಂದವಳು ಈಗ ಪಿಎಚ್‌ಡಿ ಅಂತ ಉಳಿದುಕೊಂಡಿದ್ದೇನೆ. ಮ್ಯಾಡ್ರಿಡ್, ಬಾರ್ಸಿಲೋನಾದಲ್ಲಿ ಓದುವವರ ಅನುಭವ ಬೇರೆ ಇರಬಹುದು. ನನ್ನ ಮಟ್ಟಿಗೆ, ಬೀದಿಯಲ್ಲಿ ಸಿಗುವ ಸ್ಪೇನ್ ತುಂಬಾ ಇಷ್ಟ. ಬಾಗಿಲ ಹಿಂದೆ ಇರುವ ಸ್ಪೇನ್ ಜೊತೆ ಜಗಳ ಇನ್ನೂ ಮುಗಿದಿಲ್ಲ.

ಮೊದಲು ಬೀದಿ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ಭೂಪಟದಲ್ಲಿ ನೋಡಿದರೆ ಈ ದೇಶ ಹೆಚ್ಚುಕಮ್ಮಿ ಲಂಡನ್ನಿನ ನೇರಕ್ಕಿದೆ, ಗಡಿಯಾರ ಮಾತ್ರ ಬರ್ಲಿನ್ನಿನದು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕಿತು, ಆಮೇಲೆ ಯಾರೂ ಅದನ್ನು ಹಿಂದಕ್ಕೆ ತರಲಿಲ್ಲ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದ್ದು ಒಂಬತ್ತರ ಮೇಲೆ. ಏಳೂವರೆಗೆ ಹಸಿವು ಅಂತ ಹೋಟೆಲಿಗೆ ಹೋದರೆ ಅಡುಗೆಮನೆಯೇ ತೆರೆದಿರುವುದಿಲ್ಲ.

ಆದರೆ ಬೇಸಿಗೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೊರಗೆ ಬನ್ನಿ. ಮಕ್ಕಳು ಜಾರುಬಂಡೆಯಲ್ಲಿ ಕಿರುಚುತ್ತಿರುತ್ತವೆ. ಅಜ್ಜಿಯರು ಬೆಂಚಿನ ಮೇಲೆ ಬೀಸಣಿಗೆ ಬೀಸಿಕೊಳ್ಳುತ್ತಾ ಯಾರದ್ದೋ ಸೊಸೆಯ ಸುದ್ದಿ ಮಾತಾಡುತ್ತಿರುತ್ತಾರೆ. ಈ ಊರಿನ ನಡುವೆ ತೂರಿಯಾ ನದಿ ಹರಿಯುತ್ತಿತ್ತು. 1957ರ ಪ್ರವಾಹದಲ್ಲಿ ಊರು ಮುಳುಗಿದ ಮೇಲೆ ನದಿಯನ್ನು ಊರ ಹೊರಗೆ ತಿರುಗಿಸಿದರು, ಹಳೇ ಪಾತ್ರವನ್ನು ಉದ್ದಕ್ಕೂ ತೋಟ ಮಾಡಿದರು. ಲ್ಯಾಬ್ ಮುಗಿಸಿ ಆ ತೋಟದಲ್ಲಿ ಒಬ್ಬಳೇ ನಡೆದುಕೊಂಡು ಮನೆಗೆ ಬರುತ್ತೇನೆ. ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡುವ ಅಭ್ಯಾಸ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಫೋನ್ ಎಗರಿಸುವವರು ಇಲ್ಲೂ ಇದ್ದಾರೆ, ಅದು ಬೇರೆ ವಿಷಯ. ಆದರೆ ಹುಡುಗಿಯಾಗಿ ಈ ದೇಶದಲ್ಲಿ ಅತಿ ಇಷ್ಟವಾದದ್ದು ಯಾವುದು ಅಂದರೆ, ರಾತ್ರಿ ಬೀದಿಯಲ್ಲಿ ಅಜ್ಜಿಯರು ಇರುತ್ತಾರೆ ಅನ್ನುವುದು.

ಇನ್ನೊಂದು ಇಷ್ಟ, ಸಂತೆಯ ಸಾಲು. ಮೆರ್ಕಾದೊ ಸೆಂತ್ರಾಲ್ ಅಂತ 1928ರಲ್ಲಿ ಶುರುವಾದ ದೊಡ್ಡ ಮಾರುಕಟ್ಟೆ ಇದೆ. ಕಬ್ಬಿಣದ ಕಂಬ, ಬಣ್ಣದ ಹೆಂಚು, ಗಾಜು. ಅಲ್ಲಿ ತರಕಾರಿ ಅಂಗಡಿ ಮುಂದೆ ಸಾಲೇ ಕಾಣುವುದಿಲ್ಲ. ಜನ ಚೆಲ್ಲಾಪಿಲ್ಲಿ ನಿಂತಿರುತ್ತಾರೆ. ಚಕ್ರದ ಚೀಲ ಎಳೆದುಕೊಂಡು ಒಬ್ಬ ಹೆಂಗಸು ಬರುತ್ತಾರೆ. "ಕೊನೆಯವರು ಯಾರು?" ಅಂತ ಗಟ್ಟಿಯಾಗಿ ಕೇಳುತ್ತಾರೆ. ಮೂಲೆಯಿಂದ ಒಂದು ಕೈ ಏಳುತ್ತದೆ. ಅಷ್ಟೇ. ಆಕೆ ನಿರಾಳವಾಗಿ ಪಕ್ಕದ ಅಂಗಡಿಗೆ ಹೋಗಿ ಬೀನ್ಸ್ ಮುಟ್ಟಿ ನೋಡಿ, ಯಾರನ್ನೋ ಮಾತಾಡಿಸಿ, ಸರಿಯಾಗಿ ತನ್ನ ಸರದಿಗೆ ವಾಪಸ್ ಬರುತ್ತಾರೆ. ನಡುವೆ ನುಗ್ಗುವವರಿಲ್ಲ. ನುಗ್ಗಿದರೆ ಆ ಅಜ್ಜಿಯರ ಬಾಯಿಗೆ ಸಿಕ್ಕಿಬೀಳುತ್ತೀರಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೂಡ ಇದೇ ಪದ್ಧತಿ. ಒಳಗೆ ಬಂದವರು ಕೂತಿರುವ ಅಪರಿಚಿತರಿಗೆಲ್ಲ ಒಟ್ಟಿಗೆ ನಮಸ್ಕಾರ ಹೇಳುತ್ತಾರೆ. ಲಿಫ್ಟಿನಲ್ಲೂ ಹಾಗೆ. ಶುರುವಿನಲ್ಲಿ ನನಗೆ ನಾಚಿಕೆ ಆಗುತ್ತಿತ್ತು, ಈಗ ಯಾರಾದರೂ ಹೇಳದಿದ್ದರೆ ಕೋಪ ಬರುತ್ತದೆ.

ಊರು ನೋಡಲು ಬಂದ ಸ್ನೇಹಿತರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಕಥೀಡ್ರಲ್ ಬಾಗಿಲಿಗೆ, ಅದೂ ಗುರುವಾರ ಹನ್ನೆರಡು ಗಂಟೆಗೆ. ಅಲ್ಲಿ ನೀರಿನ ನ್ಯಾಯಾಲಯ ಕೂರುತ್ತದೆ. ಸುತ್ತಲಿನ ಹೊಲಗಳಿಗೆ ನೀರು ಕೊಡುವ ಕಾಲುವೆಗಳ ಪ್ರತಿನಿಧಿಗಳು ಕಪ್ಪು ಅಂಗಿ ತೊಟ್ಟು ಬಾಗಿಲ ಮುಂದೆ ಕೂರುತ್ತಾರೆ. ಎಲ್ಲ ರೈತರೇ. ಒಂದೊಂದೇ ಕಾಲುವೆಯ ಹೆಸರು ಕೂಗುತ್ತಾರೆ. ದೂರಿದ್ದರೆ ಅಲ್ಲೇ ಬಾಯಲ್ಲೇ ವಾದ, ಅಲ್ಲೇ ತೀರ್ಪು. ವಕೀಲರಿಲ್ಲ. ದೂರಿಲ್ಲದ ದಿನ ಕೆಲವೇ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಪ್ರವಾಸಿಗರು "ಇಷ್ಟೇನಾ?" ಅಂತ ಮುಖ ನೋಡಿಕೊಳ್ಳುತ್ತಾರೆ. ತುಮಕೂರು ಕಡೆ ಕೆರೆ ಕೆಳಗಿನ ಗದ್ದೆ ಇದ್ದ ಮನೆಯಿಂದ ಬಂದ ನನಗೆ ಹಾಗನ್ನಿಸಲಿಲ್ಲ. ನೀರುಗಂಟಿ ತೂಬು ಎಷ್ಟು ಹೊತ್ತು ತೆರೆದ, ಯಾರ ಗದ್ದೆಗೆ ಮೊದಲು ಬಿಟ್ಟ ಅಂತ ಅಜ್ಜ ಜಗಳ ಕಾಯುತ್ತಿದ್ದ ಕಥೆ ಕೇಳಿ ಬೆಳೆದವಳು. ಯುನೆಸ್ಕೊ 2009ರಲ್ಲಿ ಈ ನೀರಿನ ನ್ಯಾಯಾಲಯವನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ನೀರುಗಂಟಿಗಳ ಲೆಕ್ಕವನ್ನು ಯಾರು ಬರೆದಿಟ್ಟರೋ.

ಬೀದಿಯೂ ಎಲ್ಲ ಕಾಲಕ್ಕೂ ಇಷ್ಟ ಅಂತಲ್ಲ ಮತ್ತೆ. ಮಾರ್ಚ್‌ನಲ್ಲಿ ಫಾಯಾಸ್ ಹಬ್ಬ. ಗಲ್ಲಿ ಗಲ್ಲಿಯಲ್ಲಿ ಮರ, ಕಾಗದ, ಫೋಮಿನ ದೈತ್ಯ ಗೊಂಬೆಗಳು. ದಿನಾ ಮಧ್ಯಾಹ್ನ ಎರಡಕ್ಕೆ ನಗರಸಭೆ ಚೌಕದಲ್ಲಿ ಎದೆ ನಡುಗುವಷ್ಟು ಪಟಾಕಿ. ಅದು ಸಾಲದು ಅಂತ ಚಿಕ್ಕ ಮಕ್ಕಳು ಬೆಳಗಿನಿಂದ ರಾತ್ರಿವರೆಗೆ ಕಾಲ ಬುಡದಲ್ಲಿ ಪಟಾಕಿ ಎಸೆಯುತ್ತಿರುತ್ತವೆ. 19ರ ರಾತ್ರಿ ಗೊಂಬೆಗಳನ್ನೆಲ್ಲ ಸುಟ್ಟು ಮುಗಿಸುತ್ತಾರೆ. 2026ರಲ್ಲಿ ನಮ್ಮ ಯುಗಾದಿಯೂ ಅದೇ ದಿನ ಬಂತು. ಬೆಳಗ್ಗೆ ಎಣ್ಣೆ ನೀರು, ಮಧ್ಯಾಹ್ನ ಒಬ್ಬಟ್ಟು, ರಾತ್ರಿ ಬೆಂಕಿ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಅದಕ್ಕೆ ಮುಂಚಿನ ವಾರ ಪೂರ್ತಿ ನಿದ್ದೆಯಿಲ್ಲ, ಥೀಸಿಸ್ಸಿನ ಒಂದು ಪುಟವೂ ಮುಂದೆ ಹೋಗಲಿಲ್ಲ.

ಈಗ ಬಾಗಿಲೊಳಗೆ ಬರೋಣ.

ಸ್ಪೇನ್ ಅಂದರೆ ಬಿಸಿಲು ಅಂತ ನಂಬಿ ಬರುತ್ತೇವೆ ಅಲ್ವಾ? ಜನವರಿಯಲ್ಲಿ ವಲೆನ್ಸಿಯಾದ ಬೀದಿಯಲ್ಲಿ ಬಿಸಿಲಿದೆ, ಮನೆಯೊಳಗೆ ಇಲ್ಲ. ಹಳೇ ಕಟ್ಟಡಗಳಲ್ಲಿ ಹೀಟಿಂಗ್ ಇರುವುದೇ ಕಡಿಮೆ. ನೆಲಕ್ಕೆಲ್ಲ ಟೈಲ್ಸ್. ನನ್ನ ಮೊದಲ ರೂಮಿನ ಕಿಟಕಿ ತೆರೆಯುತ್ತಿದ್ದದ್ದು ಕಟ್ಟಡದ ನಡುವಿನ ಗಾಳಿಬಾವಿಗೆ. ಅಲ್ಲಿ ಎಲ್ಲರ ಬಟ್ಟೆ ಒಣಗುತ್ತದೆ, ಎಲ್ಲರ ಬೆಳ್ಳುಳ್ಳಿ ಒಗ್ಗರಣೆ ವಾಸನೆ ಬರುತ್ತದೆ, ಮೇಲಿನವರ ಜಗಳ ಅಕ್ಷರ ಅಕ್ಷರ ಕೇಳುತ್ತದೆ, ಸೂರ್ಯ ಮಾತ್ರ ಇಣುಕುವುದಿಲ್ಲ. ಚಳಿ ತಡೆಯಲಾಗದೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಓದಿದ ದಿನಗಳಿವೆ. ಅಂಥ ರೂಮಿಗೂ ತಿಂಗಳಿಗೆ ನಾನ್ನೂರು ಯೂರೊ ಹತ್ತಿರ. ಬಾಡಿಗೆ ಇಲ್ಲಿ ಎಲ್ಲರ ನೋವು. 2025ರ ಏಪ್ರಿಲ್‌ನಲ್ಲಿ ದೇಶದ ಹತ್ತಾರು ಊರುಗಳಲ್ಲಿ ಜನ ಇದೇ ವಿಷಯಕ್ಕೆ ಮೆರವಣಿಗೆ ಮಾಡಿದರು.

ರೂಮಿನ ಕಷ್ಟ ರೂಮಿನಲ್ಲೇ ಮುಗಿದಿದ್ದರೆ ಸುಮ್ನಿರುತ್ತಿದ್ದೆ. ಆರು ತಿಂಗಳಿಗಿಂತ ಜಾಸ್ತಿ ಇರುವ ವಿದ್ಯಾರ್ಥಿ ದೇಶಕ್ಕೆ ಬಂದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಇದಕ್ಕೆ ಇಲ್ಲಿ ತಿಯೆ ಅನ್ನುತ್ತಾರೆ. ಬೆರಳಚ್ಚು ಕೊಡಲು ಪೊಲೀಸ್ ಕಚೇರಿಯಲ್ಲಿ ಮುಂಚೆಯೇ ಅಪಾಯಿಂಟ್‌ಮೆಂಟ್ ಬೇಕು. ಅಪಾಯಿಂಟ್‌ಮೆಂಟ್ ಆನ್‌ಲೈನ್. ಆನ್‌ಲೈನಿನಲ್ಲಿ ಸದಾ ಒಂದೇ ಮಾತು: ಈಗ ಖಾಲಿ ಇಲ್ಲ. ಇದರ ಜೊತೆಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಅದು ಪದ್ರೋನ್. ಅದಕ್ಕೆ ಬಾಡಿಗೆ ಕರಾರು ಬೇಕು. ನನ್ನ ಮನೆಯ ಓನರ್ ಕರಾರು ಬರೆದುಕೊಡಲು ಒಪ್ಪಲಿಲ್ಲ, ಯಾಕೆಂದು ಹೇಳಲೂ ಇಲ್ಲ. ಕರಾರಿಲ್ಲದೆ ಪದ್ರೋನ್ ಇಲ್ಲ. ಕೊನೆಗೆ ರೂಮೇ ಬದಲಾಯಿಸಿದೆ. ಕಾರ್ಡು ಕೈಗೆ ಬರುವಷ್ಟರಲ್ಲಿ ಮೊದಲ ಸೆಮಿಸ್ಟರ್ ಪರೀಕ್ಷೆ ಎದುರಿಗಿತ್ತು. ಆಗಸ್ಟ್‌ನಲ್ಲಿ ಕಚೇರಿ ಕೆಲಸ ಇಟ್ಟುಕೊಳ್ಳಲೇಬೇಡಿ. ಅರ್ಧ ಊರು ರಜೆಯ ಮೇಲೆ ಹೋಗಿರುತ್ತದೆ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೊಫೆಸರ್‌ಗಳನ್ನು ಹೆಸರು ಹಿಡಿದು ಕರೆಯಬೇಕು, ಅದು ನನ್ನ ಬಾಯಿಗೆ ಇನ್ನೂ ಬರುವುದಿಲ್ಲ. ಹತ್ತಕ್ಕೆ ಐದು ಬಂದರೆ ಪಾಸು, ಒಂಬತ್ತು ಬಂದರೆ ಹಬ್ಬ. ಇಂಗ್ಲಿಷ್ ಕೋರ್ಸ್ ಆದರೂ ಕಾರಿಡಾರಿನಲ್ಲಿ ಸ್ಪ್ಯಾನಿಷ್ ಬೇಕು, ಮತ್ತು ಈ ಪ್ರಾಂತ್ಯಕ್ಕೆ ತನ್ನದೇ ವಲೆನ್ಸಿಯನ್ ಭಾಷೆ ಇದೆ. ಕೆಲವು ತರಗತಿ ಅದರಲ್ಲೇ ನಡೆಯುತ್ತವೆ. ಹೆಸರು ಕೊಡುವ ಮುಂಚೆ ಯಾವ ಗುಂಪು ಯಾವ ಭಾಷೆ ಅಂತ ನೋಡಿಕೊಳ್ಳಿ.

ಸ್ನೇಹದ ವಿಷಯವೇ ಬೇರೆ. ಇಲ್ಲಿಯವರು ಬೇಗ ನಗುತ್ತಾರೆ, ಬೇಗ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ, ಬಾರಿನಲ್ಲಿ ಕೂತರೆ ಎರಡು ಗಂಟೆ ಬಿಡುವುದಿಲ್ಲ. ಆದರೆ ಎಲ್ಲ ಬಾರಿನಲ್ಲೇ. "ಮನೆಗೆ ಬಾ" ಅನ್ನುವುದಿಲ್ಲ. ಮನೆ ಅಂದರೆ ಕುಟುಂಬಕ್ಕೆ, ಶಾಲೆಯಿಂದ ಜೊತೆಗಿರುವ ಗೆಳೆಯರ ಗುಂಪಿಗೆ. ಭಾನುವಾರ ಎಲ್ಲರೂ ಅಪ್ಪ ಅಮ್ಮನ ಮನೆಗೆ ಊಟಕ್ಕೆ ಹೋಗಿಬಿಡುತ್ತಾರೆ, ಹೆಚ್ಚಿನ ಅಂಗಡಿಗಳೂ ಮುಚ್ಚಿರುತ್ತವೆ. ಪೋಸ್ಟ್‌ಮ್ಯಾನ್ ಬಂದರೂ "ಒಳಗೆ ಬನ್ನಿ, ಕಾಫಿ ಕುಡೀರಿ" ಅನ್ನುವ ಮನೆಯಲ್ಲಿ ಬೆಳೆದ ನನಗೆ ಮೊದಲ ವರ್ಷದ ಭಾನುವಾರಗಳು ಬಹಳ ಉದ್ದವಾಗಿದ್ದವು.

ನಾನು ಇಲ್ಲಿಯವರ ಮನೆಯೊಂದರ ಒಳಗೆ ಮೊದಲ ಸಲ ಕಾಲಿಟ್ಟಿದ್ದು ಕೈಯಲ್ಲಿ ಪೊರಕೆ ಹಿಡಿದುಕೊಂಡು. 2024ರ ಅಕ್ಟೋಬರ್ 29ರಂದು ಇಲ್ಲಿ ಬಂದ ಪ್ರವಾಹದಲ್ಲಿ ವಲೆನ್ಸಿಯಾ ಪ್ರಾಂತ್ಯದಲ್ಲೇ 220ಕ್ಕೂ ಹೆಚ್ಚು ಜನ ಸತ್ತರು. ತೂರಿಯಾವನ್ನು ಆ ಕಾಲದಲ್ಲೇ ಊರ ಹೊರಗೆ ತಿರುಗಿಸಿದ್ದರಿಂದ ನಗರ ಉಳಿಯಿತು. ದಕ್ಷಿಣದ ಪೈಪೋರ್ತಾ, ಕತರ್ರೋಹಾದಂಥ ಊರುಗಳು ಕೆಸರಲ್ಲಿ ಹೂತವು. ವಾರಾಂತ್ಯಕ್ಕೆ ಸಾವಿರಾರು ಜನ ಸಲಿಕೆ, ಪೊರಕೆ, ಬಕೆಟ್ ಹೊತ್ತು ಕಾಲುಸೇತುವೆ ದಾಟಿ ಆ ಕಡೆ ನಡೆದರು. ವಿದ್ಯಾರ್ಥಿಗಳೇ ಹೆಚ್ಚು. ನಮ್ಮ ಲ್ಯಾಬಿನವರ ಜೊತೆ ನಾನೂ ಹೋದೆ. ಹಾಸಿಗೆ, ಫ್ರಿಜ್, ಬೀರು, ಮದುವೆ ಫೋಟೊ ಎಲ್ಲ ಬೀದಿಗೆ ಬಂದು ಬಿದ್ದಿದ್ದವು. ಚಪ್ಪಲಿ ಬಿಟ್ಟು ಒಳಗೆ ಹೋಗೋಣ ಅಂದರೆ ನೆಲವೇ ಕಾಣುತ್ತಿರಲಿಲ್ಲ. ನಾವು ಕೆಸರು ತಳ್ಳಿದ ಮನೆಯ ಯಜಮಾನಿ ನನ್ನ ದೇಶ ಯಾವುದು ಅಂತ ಕೇಳಿದ್ದು ಸಂಜೆಗೆ. ಅಲ್ಲಿವರೆಗೆ ಬಕೆಟ್ ಎಲ್ಲಿಡಬೇಕು ಅನ್ನುವ ಮಾತು ಮಾತ್ರ.

ಮುಂದಿನ ವರ್ಷ ಅದೇ ಮನೆಯವರು ಭಾನುವಾರದ ಊಟಕ್ಕೆ ಕರೆದರು. ಪಾಯೆಯಾ, ಅಂದರೆ ಅಗಲ ಬಾಣಲೆಯಲ್ಲಿ ಬೇಯಿಸುವ ಇಲ್ಲಿಯ ಅನ್ನದಡುಗೆ. ನಮಗೆ ಗೊತ್ತಿರುವ ಸೀಗಡಿ ಪಾಯೆಯಾ ಅಲ್ಲ. ಇಲ್ಲಿಯ ಅಸಲಿನಲ್ಲಿ ಕೋಳಿ, ಮೊಲ, ಅಗಲದ ಹುರುಳಿಕಾಯಿ, ದೊಡ್ಡ ಬಿಳಿ ಅವರೆಯಂಥ ಕಾಳು. ಅಕ್ಕಿ ಪಕ್ಕದ ಅಲ್ಬುಫೇರಾ ಸರೋವರದ ಗದ್ದೆಯದು. ನನಗೆ ಅಂತ ಚಿಕ್ಕ ಬಾಣಲೆಯಲ್ಲಿ ತರಕಾರಿಯದ್ದು ಮಾಡಿದ್ದರು, ಪುಣ್ಯ. ಹೊರಗೆ ಹೋದರೆ ಮಾಂಸ ಬೇಡ ಅಂದಾಗ ಟ್ಯೂನಾ ಮೀನು ಹಾಕಿ ಕೊಡುತ್ತಾರೆ. ಅವರ ಲೆಕ್ಕದಲ್ಲಿ ಮೀನು ಮಾಂಸವೇ ಅಲ್ಲ. ಆ ಮನೆಯಲ್ಲಿ ತಟ್ಟೆಯಿಲ್ಲ. ದೊಡ್ಡ ಬಾಣಲೆ ನಡುವೆ, ಸುತ್ತ ಎಲ್ಲರೂ, ಒಬ್ಬೊಬ್ಬರಿಗೆ ಒಂದೊಂದು ಮರದ ಚಮಚ. ಎಂಜಲು ಅಂತ ನನ್ನ ತಲೆಯಲ್ಲಿ ಅಮ್ಮನ ದನಿ ಕೇಳಿಸಿತು. ನೋಡಿದರೆ ಅದಕ್ಕೊಂದು ಶಿಸ್ತಿದೆ: ಅಂಚಿನಿಂದ ನಡುವಿನವರೆಗೆ ನಿಮ್ಮ ಮುಂದಿನ ತ್ರಿಕೋನವಷ್ಟೇ ನಿಮ್ಮದು, ಪಕ್ಕದವರ ಗಡಿಗೆ ಚಮಚ ಹೋಗಬಾರದು. ತಳ ಹಿಡಿದು ಕೆಂಪಾದ ಅನ್ನಕ್ಕೆ ಮಾತ್ರ ಎಲ್ಲರೂ ಗಡಿ ಮರೆಯುತ್ತಾರೆ. ಊಟ ನಾಲ್ಕಕ್ಕೆ ಮುಗಿಯಿತು, ಮಾತು ಏಳರವರೆಗೆ.

ಹಾಗಾದರೆ ಜೂನಿಯರ್‌ಗಳೇ, ಬನ್ನಿ. ವೀಸಾಕ್ಕೆ ತಿಂಗಳಿಗೆ 600 ಯೂರೊ ಲೆಕ್ಕದಲ್ಲಿ ಹಣ ತೋರಿಸಬೇಕು, ಆದರೆ ಅಷ್ಟರಲ್ಲಿ ಈ ಊರಿನಲ್ಲಿ ಬದುಕುವುದು ಬಿಗಿ. ವಾರಕ್ಕೆ 30 ಗಂಟೆವರೆಗೆ ಕೆಲಸ ಮಾಡಬಹುದು, ಕೆಲಸ ಸಿಗಲು ಸ್ಪ್ಯಾನಿಷ್ ಬೇಕು. ಸ್ಪ್ಯಾನಿಷ್ ಕಲಿಯುವುದನ್ನು ಅಲ್ಲೇ, ಈಗಲೇ ಶುರು ಮಾಡಿ. ಕರಾರು ಬರೆದುಕೊಡದವರ ರೂಮು ಎಷ್ಟೇ ಅಗ್ಗವಾದರೂ ಬೇಡ. ತೊಗರಿಬೇಳೆ, ಇಂಗು ಹೊತ್ತು ತರಬೇಡಿ, ಈ ಊರಿನ ರುಸಾಫಾ ಬಡಾವಣೆ ಕಡೆಯ ಅಂಗಡಿಗಳಲ್ಲಿ ಸಿಗುತ್ತದೆ. ಸೋನಾ ಮಸೂರಿಯೂ ಬೇಡ. ಇಲ್ಲಿಯ ಗುಂಡಕ್ಕಿಯಲ್ಲಿ ಬಿಸಿಬೇಳೆಬಾತ್ ಬೆಣ್ಣೆಯ ಹಾಗೆ ಬರುತ್ತದೆ. ಮನೆಯೊಳಗೆ ಹಾಕಲು ದಪ್ಪ ಸ್ವೆಟರ್ ತನ್ನಿ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ತನ್ನಿ. ಗ್ಯಾಸ್ಕೆಟ್ ಎರಡು ಜಾಸ್ತಿಯೇ ಇರಲಿ, ಒಂದು ನನಗೆ.