42ಕ್ಕೆ ಮೊದಲ್ನೇ ಸಿನಿಮಾ
ಬ್ರಿಟಿಷ್ ನಟ ಅಲನ್ ರಿಕ್‌ಮನ್ ಅಂದ್ರೆ ನಮ್ಮಲ್ಲಿ ಸುಮಾರು ಜನಕ್ಕೆ ಹ್ಯಾರಿ ಪಾಟರ್ ಸಿನಿಮಾಗಳ ಸ್ನೇಪ್ ಮೇಷ್ಟ್ರು ಅಷ್ಟೇ. ಆದ್ರೆ ಈ ಮನುಷ್ಯ ಲಂಡನ್ನಲ್ಲಿ ಫ್ರೆಂಡ್ಸ್ ಜೊತೆ ಗ್ರಾಫಿಕ್ ಡಿಸೈನ್ ಸ್ಟುಡಿಯೋ ನಡೆಸ್ತಿದ್ದೋನು, ಅದನ್ನ ಬಿಟ್ಟು 26ನೇ ವಯಸ್ಸಲ್ಲಿ ರಾಡಾ ನಾಟಕ ಶಾಲೆ ಸೇರ್ಕೊಂಡ, ಆಮೇಲೆ ವರ್ಷಗಟ್ಟಲೆ ಬರೀ ಸ್ಟೇಜು, ಟೀವಿ, 1985ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ನಾಟಕದಲ್ಲಿ ವಾಲ್ಮೋಂಟ್ ಅನ್ನೋ ಪಾತ್ರ, ಆ ನಾಟಕ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಕ್ಕೂ ಹೋಗಿ ಇವ್ನಿಗೆ ಟೋನಿ ಅನ್ನೋ ದೊಡ್ಡ ನಾಟಕ ಪ್ರಶಸ್ತಿಗೆ ನಾಮಿನೇಷನ್ ಬಂತು. ಮೊದಲ್ನೇ ಸಿನಿಮಾ ಡೈ ಹಾರ್ಡ್ 1988ರಲ್ಲಿ ರಿಲೀಸ್ ಆದಾಗ 42 ವರ್ಷ! ವಿಲನ್ನು, ಆದ್ರೂ ಕೂಗಾಟ ಇಲ್ಲ, ಆ ಎಳೆದೆಳೆದು ಮಾತಾಡೋ ದನಿ ಒಂದೇ ಸಾಕು ನಡುಕ ಬರೋಕೆ. ಆಸ್ಕರ್‌ಗೆ ಒಂದ್ಸಲಾನೂ ನಾಮಿನೇಟ್ ಮಾಡ್ಲಿಲ್ಲ ಪುಣ್ಯಾತ್ಮರು. ಮೂವತ್ತು ದಾಟಿ ಕೆಲ್ಸ ಬದಲಾಯಿಸೋಕೆ ಹೆದರ್ಕೊಂಡು ಕೂತಿರೋ ನಂಗೆ ಯಾಕೋ ಇವತ್ತೆಲ್ಲಾ ಇವ್ನ ಲೆಕ್ಕಾನೇ ತಲೇಲಿ ಓಡ್ತಿದೆ, ಆದ್ರೆ ಆ ದನಿ ಎಲ್ಲಿಂದ ತರ್ಲಿ ಗುರು 😄