ಕಂಡಿದ್ದೋ, ಕೇಳಿದ್ದೋ?

ನಮ್ಮ ಇತಿಹಾಸದ ಸರ್‌ಗೆ ಒಂದು ಚಾಳಿ ಇತ್ತು. ಯಾರು ಏನು ಹೇಳಿದರೂ "ಕಂಡಿದ್ದೋ, ಕೇಳಿದ್ದೋ?" ಅಂತ ಕೇಳುವುದು. ಆಗಷ್ಟೇ, 1997ರಲ್ಲಿ, ಕೊಪ್ಪಳ ಹೊಸ ಜಿಲ್ಲೆಯಾಗಿತ್ತು. ಪಾಠದಲ್ಲಿ ಇದ್ದದ್ದು 1947ರ ಆಗಸ್ಟ್ 15. ಸರ್ ಅದನ್ನು ಬೇಗ ಮುಗಿಸಿ, "ಅವತ್ತು ನಿಮ್ಮ ಊರಾಗ ಯಾರು ಬಾವುಟ ಹಾರಿಸಿದ್ರು?" ಅನ್ನುತ್ತಿದ್ದರು. ನಮಗೆ ಉತ್ತರ ಗೊತ್ತಿರಲಿಲ್ಲ.

ಹೊಳೆಯಾಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪಶ್ಚಿಮಕ್ಕೆ ಮುಂಡರಗಿ, ಅದು ಮುಂಬೈ ಪ್ರಾಂತ್ಯ. ಎರಡೂ ಕಡೆ ಸ್ವಾತಂತ್ರ್ಯ ಬಂದಾಗಿತ್ತು. ನಡುವೆ ನಾವು ಮಾತ್ರ ನಿಜಾಮನ ಕೆಳಗೆ! ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ. 17ಕ್ಕೆ ನಿಜಾಮ ಶರಣಾದ. ಅಷ್ಟರಲ್ಲಿ ಹದಿಮೂರು ತಿಂಗಳು ಕಳೆದಿತ್ತು.

ಆ ತಿಂಗಳುಗಳಲ್ಲಿ ನಿಜಾಮನ ವಿರುದ್ಧ, ಅವನ ಪರವಾಗಿದ್ದ ರಜಾಕಾರರೆಂಬ ಖಾಸಗಿ ಪಡೆಯ ವಿರುದ್ಧ ಹೋರಾಡುವವರ ಶಿಬಿರಗಳು ಗಡಿಯಾಚೆ ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂದಾಳು. ಅವರು ಆಮೇಲೆ ಲೋಕಸಭೆಗೂ ಹೋದರು. ಇದಕ್ಕೂ ತೊಂಬತ್ತು ವರ್ಷ ಮೊದಲು, 1858ರಲ್ಲಿ, ಮುಂಡರಗಿ ಭೀಮರಾಯ ಬ್ರಿಟಿಷರ ಎದುರು ಹೋರಾಡಿ ಮಡಿದದ್ದು ನಮ್ಮ ಕೊಪ್ಪಳದ ಕೋಟೆಯಲ್ಲಿ. ಆ ಕೋಟೆ ಹತ್ತಿ ಡಬ್ಬಿ ಬಿಚ್ಚಿ ಬುತ್ತಿ ತಿಂದವರು ನಾವು. ಅಲ್ಲಿ ಯಾರು ಸತ್ತರು ಅಂತ ಒಬ್ಬರೂ ಕೇಳಿರಲಿಲ್ಲ.

ಸರ್ ಒಂದು ನೋಟ್‌ಬುಕ್ ಮಾಡಿಸಿದರು. ಮನೆಯ ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೀಬೇಕು. ಹೇಳಿದವರ ಹೆಸರು, ವಯಸ್ಸು, ಊರು ಮೇಲೆ ಇರಬೇಕು. ನಮ್ಮ ಆಯಿ ಹೇಳಿದ್ದು: "ರಜಾಕಾರರು ಬರ್ತಾರಂತ ಸುದ್ದಿ ಹತ್ತಿದ ಕೂಡಲೇ ಜೋಳ ಹಗೇದಾಗ ಇಳಿಸಿ ಮಣ್ಣು ಮುಚ್ಚಿದ್ವಿ. ಹೆಣ್ಮಕ್ಕಳನ್ನ ಗದಗಿನ ಕಡೆ ಕಳಿಸಿದ್ರು." ಜೋಳದ ಪಕ್ಕ 'ಕಂಡಿದ್ದು' ಅಂತ ಬರೆದೆ. ಪಕ್ಕದೂರು ಸುಟ್ಟರು ಅಂದದ್ದಕ್ಕೆ 'ಕೇಳಿದ್ದು' ಅಂತ. ಸರ್ ಕೆಂಪು ಪೆನ್ನಿನಲ್ಲಿ ಸಹಿ ಹಾಕಿದರು. ಮಾರ್ಕ್ಸ್ ಕೊಡಲಿಲ್ಲ ಅಂತ ನನಗೆ ಸಿಟ್ಟು ಬಂದಿತ್ತು.

ಈಗ ಸೆಪ್ಟೆಂಬರ್ ಬಂದರೆ ಮೊಬೈಲ್ ತುಂಬಾ ಫಾರ್ವರ್ಡ್‌ಗಳು. ಯಾರು ಹೇಳಿದ್ದು, ಯಾವ ಊರು, ಏನೂ ಇರಲ್ಲ. ಸುಮ್ನೆ ಆವೇಶ ಜಾಸ್ತಿ. ಅದಕ್ಕಿಂತ ನಮ್ಮ ಹರಕು ನೋಟ್‌ಬುಕ್ಕೇ ವಾಸಿ ಅಲ್ವಾ?

ಆ ಬ್ಯಾಚಿನವರು ಇದನ್ನು ಓದುತ್ತಿದ್ದರೆ ಅಟ್ಟದ ಮೇಲೆ ಒಮ್ಮೆ ಹುಡುಕಿ. ಪುಟಗಳ ಫೋಟೋ ತೆಗೆದು ಶಾಲೆಗೆ ಕಳಿಸಿ. ಅಕ್ಷರ ಚೆನ್ನಾಗಿಲ್ಲ ಅಂತ ತಿದ್ದಿ ಬರೆಯಬೇಡಿ. ಹೇಳಿದವರ ಹೆಸರಿರುವ ಮೇಲಿನ ಸಾಲು ಫೋಟೋದಲ್ಲಿ ಬರಲಿ.